ಕೋಣೆಗೆ ತಕ್ಕ ಗಿರಾಕಿ

ಬೋರ್ಡಿನ ಮೇಲೆ ಸಮುದ್ರವಿತ್ತು. ಎರಡು ಅಲೆ, ಒಂದು ತೆಂಗಿನ ಮರ, ಮರಕ್ಕಿಂತ ದೊಡ್ಡದೊಂದು ಹಕ್ಕಿ. ಆ ಹೋಟೆಲಿನವರು ತೋರಿಸುತ್ತಿದ್ದ ಸಮುದ್ರ ಅಷ್ಟೇ. ಅಸಲಿ ಸಮುದ್ರ ಬೇಕೆಂದವರು ಮೀನು ಮಾರುಕಟ್ಟೆ ದಾಟಿ, ಬಾಡಿಗೆ ಸ್ಕೂಟರಿನವರ ಕೈಯಿಂದ ತಪ್ಪಿಸಿಕೊಂಡು, ಕಪ್ಪು ಕನ್ನಡಕ ಮಾರುವವರಿಗೆ ಹನ್ನೊಂದು ಸಲ ಬೇಡ ಎಂದು ಹೇಳುತ್ತ ಹೋಗಬೇಕು. ‘ಸಮುದ್ರಕ್ಕೆ ನಾಲ್ಕೇ ನಿಮಿಷ’ ಎಂದು ಹೋಟೆಲಿನ ಕಾರ್ಡಿನಲ್ಲಿ ಅಚ್ಚಾಗಿತ್ತು. ಯಾರ ಕಾಲಿಗೆ ನಾಲ್ಕು ನಿಮಿಷ ಎಂಬುದಕ್ಕೆ ಕಾರ್ಡಿನಲ್ಲಿ ಜಾಗ ಸಾಲದೆ ಬಿಟ್ಟಿದ್ದರು.

ಇಂಥ ಹೋಟೆಲಿನ ಕೌಂಟರಿನ ಹಿಂದೆ ಇಪ್ಪತ್ತೊಂದು ವರ್ಷದಿಂದ ಕೂತಿದ್ದವನನ್ನು ಎಲ್ಲರೂ ಮ್ಯಾನೇಜರ್ ಎಂದು ಕರೆಯುತ್ತಿದ್ದರು. ಅವನ ಕೈಕೆಳಗೆ ಇದ್ದವಳು ನೆಲ ಒರೆಸುವ ಅಕ್ಕ ಒಬ್ಬಳೇ. ಆಕೆಯೂ ಅವನ ಮಾತು ಕೇಳುತ್ತಿದ್ದದ್ದು ತನಗೆ ಮನಸ್ಸು ಬಂದಾಗ. ಆದರೂ ಮ್ಯಾನೇಜರ್ ಎಂದರೆ ಮ್ಯಾನೇಜರೇ. ರಾಜ್ಯವಿಲ್ಲದ ರಾಜರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಇವನಿಗಾದರೂ ಒಂದು ಕುರ್ಚಿಯಿತ್ತು.

ಹೋಟೆಲಿಗೆ ಹನ್ನೆರಡು ಕೋಣೆ. ಕೋಣೆಗೊಂದರಂತೆ ಹನ್ನೆರಡು ಕುಂದು. ಯಜಮಾನರಿಗೆ ರಿಪೇರಿ ಎಂಬ ಮಾತೇ ಆಗಿಬರುತ್ತಿರಲಿಲ್ಲ. “ಬೀಚಿಗೆ ಬರೋರು ರೂಮಲ್ಲಿ ಕೂರೋಕೆ ಬರ್ತಾರೇನ್ರೀ?” ಎಂಬುದು ಅವರ ಸಿದ್ಧಾಂತ. ಹೀಗಾಗಿ ಮ್ಯಾನೇಜರು ಕೋಣೆಯನ್ನು ಸರಿಮಾಡುವ ಆಸೆ ಬಿಟ್ಟು, ಕೋಣೆಗೆ ಸರಿಹೋಗುವ ಗಿರಾಕಿಯನ್ನು ಗುರುತಿಸುವ ವಿದ್ಯೆ ಕಲಿತ. ಮೂರನೇ ನಂಬರಿನ ಫ್ಯಾನು ತಿರುಗುವಾಗಲೆಲ್ಲ ನರಳುತ್ತಿತ್ತು. ಅದು ಕಿವಿ ಮಂದವಾದ ಹಿರಿಯರಿಗೆ. ಐದರ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಮೂಗಿಗೆ ತಾಗುತ್ತಿತ್ತು. ಅದು ಹೊಸದಾಗಿ ಮದುವೆಯಾದವರಿಗೆ, ಅವರು ಕಿಟಕಿ ತೆರೆದದ್ದನ್ನು ಕಂಡವರಿಲ್ಲ. ಹನ್ನೆರಡರ ಮಂಚ ಎಡಕ್ಕೆ ವಾಲಿತ್ತು. ಸಂಜೆಯಾಗುವ ಮುಂಚೆಯೇ ಬಲಕ್ಕೆ ವಾಲಿಕೊಂಡು ಬರುವವರನ್ನು ಅಲ್ಲಿಗೆ ಕಳಿಸಿದರೆ ಬೆಳಗಾಗುವಷ್ಟರಲ್ಲಿ ನೆಟ್ಟಗಾಗಿ ಇಳಿದು ಬರುತ್ತಿದ್ದರು.

ಗಿರಾಕಿ ಬಾಗಿಲಿಂದ ಕೌಂಟರಿಗೆ ಬರುವ ಆರು ಹೆಜ್ಜೆಯೊಳಗೆ ಮ್ಯಾನೇಜರು ಅವನ ಜಾತಕ ಬರೆದು ಮುಗಿಸಿರುತ್ತಿದ್ದ. ಅನುಮಾನವಿದ್ದರೆ ಬೇಕೆಂದೇ ಕೀಲಿಗೊಂಚಲನ್ನು ನೆಲಕ್ಕೆ ಬೀಳಿಸುವನು. ಬೆಚ್ಚಿಬಿದ್ದರೆ ಮೂರನೇ ನಂಬರು ಇಲ್ಲ; ‘ಏನಾದ್ರೂ ಬಿತ್ತಾ?’ ಎಂದು ನಿಧಾನಕ್ಕೆ ಕೇಳಿದರೆ ಮೂರನೇ ನಂಬರು ಗ್ಯಾರಂಟಿ.

ಯಾವ ಜಾತಕಕ್ಕೂ ಕೂಡಿಬಾರದ್ದು ಎರಡನೇ ನಂಬರು. ಅದು ನಾಲ್ಕು ರಸ್ತೆ ಸೇರುವ ಸರ್ಕಲ್ಲಿನ ನೆತ್ತಿಯ ಮೇಲಿತ್ತು. ಹಾರನ್ನು, ಜಗಳ, ಮೈಕು, ಮೀನಿನವಳ ಕೂಗು ಎಲ್ಲವೂ ನೇರ ದಿಂಬಿನ ಮೇಲೆ ಬಂದು ಮಲಗುತ್ತಿದ್ದವು. ಉಳಿದ ಹನ್ನೊಂದೂ ತುಂಬಿದ ಮೇಲೆ, “ಇದೊಂದೇ ಉಳಿದಿದೆ ಸಾರ್, ನಿಮ್ಮ ಅದೃಷ್ಟ!” ಎಂದು ಅದರ ಕೀಲಿ ಕೊಡುತ್ತಿದ್ದ. ಎಂಥ ಅದೃಷ್ಟ ಎಂದು ಬಿಡಿಸಿ ಹೇಳುತ್ತಿರಲಿಲ್ಲ.

ಈ ಪರಾಕ್ರಮವನ್ನೆಲ್ಲ ದಿನಾ ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಹೆಂಡತಿಯ ಮುಂದೆ ಬಣ್ಣಿಸುವನು. ಮನೆ ಊರ ಹಿಂಭಾಗದ, ಮುಂದಕ್ಕೆ ದಾರಿಯಿಲ್ಲದ ಓಣಿಯ ಕೊನೆಯಲ್ಲಿತ್ತು. ದಿನವಿಡೀ ಗದ್ದಲದಲ್ಲಿ ಇರುವವನಿಗೆ ಮನೆಯಾದರೂ ಶಾಂತವಾಗಿರಲಿ ಎಂದು ಅವನೇ ಹುಡುಕಿದ ಮನೆ. ಎಷ್ಟು ಶಾಂತವೆಂದರೆ, ನಾಯಿಗಳೂ ಬೊಗಳಬೇಕೆನಿಸಿದರೆ ಮುಂದಿನ ಬೀದಿಗೆ ಹೋಗಿ ಬೊಗಳಿ ಬರುತ್ತಿದ್ದವು. ಒಬ್ಬಳೇ ಮಗಳು ನರ್ಸ್ ಆಗಿ ಬೇರೆ ಊರು ಸೇರಿ ನಾಲ್ಕು ವರ್ಷವಾಗಿತ್ತು. ಹೆಂಡತಿ ಅನ್ನ ಬಡಿಸುತ್ತ “ಹೂಂ” ಎನ್ನುವಳು. ಆ ‘ಹೂಂ’ ಅನ್ನು ಅವನು ಮೆಚ್ಚುಗೆ ಎಂದು ತಿಳಿದಿದ್ದ. ಗಂಡಸರಲ್ಲಿ ಹೀಗೆ ತಿಳಿಯದವರು ಯಾರಾದರೂ ಇದ್ದರೆ ಅವರಿಗೊಂದು ಹಾರ ಹಾಕಬೇಕು.

ಒಂದು ಮಧ್ಯಾಹ್ನ ‘ಹೂಂ’ ಬರಲಿಲ್ಲ.

“ಅಕ್ಕ ಕರೀತಿದ್ದಾಳೆ,” ಎಂದಳು. ಅವಳ ಅಕ್ಕ ಆರು ತಾಸು ಬಸ್ಸಿನ ದಾರಿಯ ಊರಲ್ಲಿ ಮೂರು ಮಷಿನ್ ಇಟ್ಟುಕೊಂಡು ಹೊಲಿಗೆ ಅಂಗಡಿ ನಡೆಸುತ್ತಿದ್ದಳು. “ನಾನೂ ಹೋಗಿ ಅಲ್ಲೇ ಇರೋಣ ಅಂತಿದೀನಿ.”

“ಎಷ್ಟು ದಿನ?”

“ಅಲ್ಲೇ ಅಂದ್ನಲ್ಲ. ಅಲ್ಲೇ ಅಂದ್ರೆ ಅಲ್ಲೇ.”

ಮ್ಯಾನೇಜರು ಕಲೆಸಿದ ತುತ್ತನ್ನು ತಟ್ಟೆಗೇ ಹಾಕಿದ. “ನಾನೇನು ಮಾಡಿದೆ?”

“ನೀವೇನೂ ಮಾಡಿಲ್ಲ. ಅದೇ.” ಅವಳು ನೀರಿನ ಲೋಟ ಮುಂದಿಟ್ಟಳು. “ಹೋಗೋಕೆ ಮುಂಚೆ ನಿಮ್ಮ ಹೋಟೆಲಲ್ಲಿ ಒಂದಿನ ಇರ್ತೀನಿ. ಊರವರ ಮುಖವನ್ನೆಲ್ಲ ಆರು ಹೆಜ್ಜೇಲಿ ಓದ್ತೀರಲ್ಲ, ನನ್ನ ಮುಖ ನೋಡಿ ಯಾವ ರೂಮು ಕೊಡ್ತೀರೋ ನೋಡ್ಬೇಕು. ಸರಿಯಾಗಿ ಕೊಟ್ರೆ ಅಕ್ಕನಿಗೆ ಬರಲ್ಲ ಅಂತ ಹೇಳ್ತೀನಿ.”

ಅವನಿಗೆ ಒಳಗೊಳಗೇ ನಗು ಬಂತು. ಇಷ್ಟೇನಾ? ಈಜು ಬರುತ್ತದೋ ಇಲ್ಲವೋ ಎಂದು ಮೀನಿಗೆ ಪರೀಕ್ಷೆ ಇಟ್ಟ ಹಾಗಾಯಿತು.

ನಗು ಮರುದಿನದ ಹೊತ್ತಿಗೆ ಸ್ವಲ್ಪ ಇಳಿಯಿತು. ಕುಂದುಗಳನ್ನೆಲ್ಲ ತಾನೇ ಒಂದೊಂದಾಗಿ ಅವಳಿಗೆ ಹೇಳಿಬಿಟ್ಟಿದ್ದ. ಮುಚ್ಚಿಡಲು ಏನೂ ಉಳಿದಿರಲಿಲ್ಲ. ಅವಳಿಗೆ ತಾಗದ ಕುಂದು ಯಾವುದು ಎಂಬುದಷ್ಟೇ ಪ್ರಶ್ನೆ. ಕಿವಿ? ಪಕ್ಕದ ಬೀದಿಯ ಗುಟ್ಟೂ ಕೇಳುವಷ್ಟು ಚುರುಕು. ಕಣ್ಣು? ಅವನ ಅಂಗಿಯ ಮೇಲಿನ ಸಾಸಿವೆಯಷ್ಟು ಕಲೆಯೂ ತಪ್ಪುತ್ತಿರಲಿಲ್ಲ. ಎರಡು ದಿನ ತಲೆ ಕೆರೆದುಕೊಂಡ. ಸಾವಿರಾರು ಅಪರಿಚಿತರನ್ನು ಅಳೆದವನಿಗೆ ಮನೆಯವಳ ಅಳತೆ ಸಿಗದೆ, ಆ ಎರಡು ದಿನ ಬಂದ ಗಿರಾಕಿಗಳಿಗೆಲ್ಲ ತಪ್ಪು ಕೀಲಿ ಹೋಯಿತು. ಹೊಸ ಮದುಮಕ್ಕಳು ನರಳುವ ಫ್ಯಾನಿನ ಕೆಳಗೆ ಸಿಕ್ಕಿಬಿದ್ದರು.

ಮೂರನೇ ದಿನ ಹಲ್ಲುಜ್ಜುವಾಗ ಹೊಳೆಯಿತು. ನಿದ್ದೆ! ರಾತ್ರಿ ಅವನು ಮನೆ ಸೇರುವಾಗ ಅವಳು ದಿನಾ ಗಾಢ ನಿದ್ದೆಯಲ್ಲಿರುತ್ತಿದ್ದಳು. ಬಾಗಿಲು ಕಿರುಗುಟ್ಟಿದರೂ, ತಟ್ಟೆ ಕೈಜಾರಿದರೂ ಮಿಸುಕುತ್ತಿರಲಿಲ್ಲ. ಕಲ್ಲಿನಂಥ ನಿದ್ದೆ. ಅಂದಮೇಲೆ ಒಂಬತ್ತನೇ ನಂಬರು! ವರಾಂಡದ ಕೊನೆಯ ಕೋಣೆ, ಗಾಳಿ ಬೆಳಕು ಧಾರಾಳ, ಹಾಸಿಗೆಯೂ ಹೊಸದು. ಇದ್ದ ದೋಷ ಒಂದೇ. ಗೋಡೆಯಾಚೆ ನೀರಿನ ಪಂಪು. ಬೆಳಗಿನ ನಾಲ್ಕೂವರೆಗೆ ಅದು ಎದ್ದಿತೆಂದರೆ ಹಲ್ಲು ಕಟ್ಟಿಸಿಕೊಂಡವರ ಹಲ್ಲೂ ಅಲುಗಾಡುತ್ತಿತ್ತು. ಕಲ್ಲಿಗೆ ಪಂಪಿನ ಸದ್ದು ಕೇಳುತ್ತದೆಯೇ?

ಯಜಮಾನರನ್ನು ಕೇಳಿದ. “ನಿಮ್ಮ ಮನೆಯವರಿಗಾ? ಕೊಡಿ ಕೊಡಿ, ಧಾರಾಳವಾಗಿ ಕೊಡಿ,” ಎಂದು ಅವರು ದೊಡ್ಡ ಮನಸ್ಸು ಮಾಡಿದರು. “ಒಬ್ರೇ ತಾನೆ, ಸೋಪು ಅರ್ಧ ಸಾಕಲ್ಲ?”

ಹೆಂಡತಿ ಒಂದು ಚೀಲ ಹಿಡಿದು ಬಂದಳು. ಬಾಗಿಲಿಂದ ಕೌಂಟರಿಗೆ ಆರೇ ಹೆಜ್ಜೆ, ನಿಧಾನಕ್ಕೆ, ಅವನ ಮುಖವನ್ನೇ ನೋಡುತ್ತ. ಕೀಲಿ ಕೈಗೆ ಬಂದಾಗ ನಂಬರು ನೋಡಿದಳು.

“ಒಂಬತ್ತಾ?”

“ನಮ್ಮಲ್ಲಿರೋದರಲ್ಲೇ ಒಳ್ಳೆಯದು.”

“ಹೂಂ,” ಎಂದಳು. ಹಣೆಯ ಗೆರೆ ನೋಡಿ ಊರು ಹೇಳುತ್ತಿದ್ದವನು ಆ ‘ಹೂಂ’ ಅನ್ನು ಎಂದಿನಂತೆ ಮೆಚ್ಚುಗೆಯ ಖಾತೆಗೆ ಹಾಕಿಕೊಂಡ. “ನೀವು ಮನೆಗೆ ಹೋಗಿ ಮಲಗಿ. ಇವತ್ತು ನಾನು ಗಿರಾಕಿ,” ಎಂದು ಮೆಟ್ಟಿಲು ಹತ್ತಿದಳು.

ಬೆಳಿಗ್ಗೆ ಆರೂವರೆಗೆ ಅವನು ಬಂದಾಗ ಅವಳು ಕೌಂಟರಿನ ಈಚೆ ನಿಂತಿದ್ದಳು, ದೂರು ಕೊಡುವವರು ನಿಲ್ಲುವ ಜಾಗದಲ್ಲಿ. ನೆಲ ಒರೆಸುವ ಅಕ್ಕ ಅದಾಗಲೇ ಒರೆಸಿದ್ದ ಜಾಗವನ್ನೇ ಬಹಳ ಶ್ರದ್ಧೆಯಿಂದ ಮತ್ತೆ ಒರೆಸುತ್ತಿದ್ದಳು.

“ನಿದ್ದೆ ಚೆನ್ನಾಗಿ ಬಂತಾ?” ಎಂದ ಮ್ಯಾನೇಜರು.

“ನಾಲ್ಕೂವರೆಗೆ ಪಂಪು ಬಂತು.”

“ಅಯ್ಯೋ, ಎಚ್ಚರ ಆಯ್ತಾ?”

“ಎಚ್ಚರ ಆಗೋಕೆ ಮೊದಲು ನಿದ್ದೆ ಬರಬೇಕಲ್ರೀ. ನಾಲ್ಕು ವರ್ಷ ಆಯ್ತು ನಾನು ಸರಿಯಾಗಿ ಕಣ್ಣು ಮುಚ್ಚಿ. ಮಗಳು ಹೋದಾಗಿಂದ.”

ಮ್ಯಾನೇಜರು ಪೆನ್ನಿನ ಮುಚ್ಚಳ ತೆಗೆದ, ಹಾಕಿದ. “ಮತ್ತೆ ದಿನಾ ನಾನು ಬಂದಾಗ...”

“ಸುಮ್ನೆ ಮಲಗಿರ್ತೀನಿ. ಕಣ್ಣು ಬಿಟ್ರೆ ಯಾವ ನಂಬರಿಗೆ ಯಾರನ್ನ ಕೂರಿಸಿದೆ ಅಂತ ಶುರು ಮಾಡ್ತೀರಿ. ಮಧ್ಯಾಹ್ನ ಒಂದು ಸಲ ಕೇಳಿದ್ದು ಸಾಲದಾ?”

“ನನಗೆ ಹೇಳ್ಬಾರದಿತ್ತಾ?”

“ನೀವು ಕೇಳ್ಬಾರದಿತ್ತಾ?”

“ನಿದ್ದೆ ವಿಷಯ ನನಗೇ ಗೊತ್ತು ಸಾರ್,” ಎಂದಳು ನೆಲ ಒರೆಸುವ ಅಕ್ಕ, ಬಗ್ಗಿದಲ್ಲಿಂದಲೇ. “ತರಕಾರಿ ಅಂಗಡೀಲಿ ಸಿಕ್ಕಾಗ ಅಮ್ಮನೋರ ಕಣ್ಣು ನೋಡಿದ್ರೇ ತಿಳಿಯುತ್ತೆ.”

“ನೀನು ನೆಲ ನೋಡಿಕೊಂಡು ಒರೆಸು.”

“ನೆಲಾನೇ ನೋಡ್ತಿದೀನಿ. ನೀವು ಏನು ನೋಡ್ತಿದ್ರೋ.”

ಇಪ್ಪತ್ತೊಂದು ವರ್ಷದಲ್ಲಿ ಯಾರ ದೂರಿಗೂ ಅವನ ಬಳಿ ಉತ್ತರ ಸಿದ್ಧವಿರುತ್ತಿತ್ತು: ‘ಈಗಲೇ ನೋಡಿಸ್ತೀನಿ.’ ನೋಡಿಸುವುದು ಇರಲಿ, ಅವನು ಅದನ್ನು ಹೇಳಿದ ಮೇಲೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಇಂದು ಆ ಮಾತು ನಾಲಿಗೆಯ ತುದಿಯವರೆಗೆ ಬಂದು, ಎದುರಿಗೆ ನಿಂತವಳನ್ನು ಕಂಡು, ನಾಚಿಕೊಂಡು ಹಿಂದಕ್ಕೆ ಹೋಯಿತು. ಪರೀಕ್ಷೆಯಲ್ಲಿ ಮೀನು ಮುಳುಗಿತ್ತು.

ಕೊನೆಗೆ ಅವನು, ಯಾವ ಗಿರಾಕಿಯನ್ನೂ ಎಂದೂ ಕೇಳದ ಪ್ರಶ್ನೆ ಕೇಳಿದ.

“ನಿನಗೆ ಯಾವ ರೂಮು ಬೇಕು?”

“ಎರಡನೇ ನಂಬರು.”

“ಎರಡಾ? ಅಲ್ಲಿ ಹೆಣ ಮಲಗಿಸಿದ್ರೂ ಎದ್ದು ಕೂರುತ್ತೆ ಕಣೇ!”

“ಕೂರೋಕೇ ಕೇಳ್ತಿರೋದು, ಕೊಡಿ.”

ಹತ್ತು ಗಂಟೆಗೆ ಅವನೇ ಚಹಾ ಹಿಡಿದು ಮೇಲೆ ಹೋದ. ಕಿಟಕಿ ಪೂರಾ ತೆರೆದಿತ್ತು. ಊರಿನ ಅಷ್ಟೂ ಹಾರನ್ನುಗಳು ಕೋಣೆಯೊಳಗೆ ಸಭೆ ಸೇರಿದ್ದವು. ಹೆಂಡತಿ ಕಿಟಕಿಕಟ್ಟೆಯ ಮೇಲೆ ಮೊಣಕೈಯೂರಿ, ಕೆಳಗೆ ಕನ್ನಡಕ ಮಾರುವವನ ಜೊತೆ ಕೂಗಿ ಕೂಗಿ ಮಾತಾಡುತ್ತಿದ್ದಳು. “ಬಿಸಿನೀರಲ್ಲಿ ಕಾಲಿಡೋಕೆ ಹೇಳಪ್ಪ ನಿನ್ನಮ್ಮನಿಗೆ! ಹಾಂ? ಉಪ್ಪು! ಉಪ್ಪು ಹಾಕಿ!” ಇವನ ಕಡೆ ತಿರುಗಿ, “ಅವನಮ್ಮಂಗೆ ಮೊಣಕಾಲು ನೋವಂತೆ. ಬಾಡಿಗೆ ಸ್ಕೂಟರಿನ ಇಬ್ರೂ ಅಣ್ಣತಮ್ಮಂದಿರು, ಗೊತ್ತಾ? ಮಾತು ಬಿಟ್ಟಿದ್ದಾರಂತೆ. ಗಿರಾಕಿ ಬಂದ್ರೆ ಮಾತ್ರ ಮಾತಾಡ್ತಾರೆ,” ಎಂದು ಜೋರಾಗಿ ನಕ್ಕಳು.

ಅವರಿಬ್ಬರನ್ನೂ ಅವನು ಹದಿನೈದು ವರ್ಷದಿಂದ ನೋಡುತ್ತಿದ್ದ. ಅಣ್ಣತಮ್ಮಂದಿರೆಂದು ಇವತ್ತೇ ತಿಳಿದದ್ದು. ಅವಳ ಈ ನಗು ಎಲ್ಲಿಗೆ ಹೋಗಿತ್ತು ಎಂಬುದೂ ಇವತ್ತೇ ಅಂದಾಜಾಯಿತು.

“ನಮ್ಮನೇಲಿ,” ಎಂದಳು ಚಹಾ ತೆಗೆದುಕೊಂಡು, “ಬೆಳಗ್ಗಿಂದ ರಾತ್ರಿವರೆಗೆ ಬಾಯಿ ಬಿಡೋದು ಕುಕ್ಕರ್ ಒಂದೇ. ಅದೂ ಮೂರು ಸಲ ಕೂಗಿ ಸುಮ್ಮನಾಗುತ್ತೆ. ಅಕ್ಕನ ಅಂಗಡೀಲಿ ಹೊಲಿಗೆ ಬರದಿದ್ರೂ ಪರವಾಗಿಲ್ಲ, ಬಂದು ಹೋಗೋ ಹೆಂಗಸರಿರ್ತಾರೆ.”

ಅಷ್ಟರಲ್ಲಿ ಅಕ್ಕನದೇ ಫೋನು. ಅವಳು ಎತ್ತಿದಳು. ಮ್ಯಾನೇಜರು ಖಾಲಿ ಟ್ರೇ ಹಿಡಿದುಕೊಂಡು, ಕೋಣೆ ಸಿಗುತ್ತದೋ ಇಲ್ಲವೋ ಎಂದು ಕೌಂಟರಿನ ಮುಂದೆ ನಿಂತ ಪ್ರವಾಸಿಯ ಹಾಗೆ ನಿಂತ.

“ಬರ್ತೀನಿ ಕಣೇ ಅಕ್ಕಾ... ಭಾನುವಾರದ ಬಸ್ಸಿಗೆ. ಇಲ್ಲ ಇಲ್ಲ, ಜಗಳ ಏನಿಲ್ಲ. ಇವರು ಫೇಲಾದ್ರು, ಅಷ್ಟೇ,” ಎಂದು ಫೋನ್ ಇಟ್ಟಳು.

“ವಾಪಸ್ ಬರ್ತೀಯಲ್ಲ?” ಎಂದ. ಧ್ವನಿ ಅವನ ಲೆಕ್ಕಕ್ಕಿಂತ ಸಣ್ಣಗೆ ಬಂತು.

ಅವಳು ಲೋಟದ ತಳದ ಚಹಾ ಅಲ್ಲಾಡಿಸಿದಳು. “ಆ ಓಣಿಗೆ ಬರಲ್ಲ. ಬೀದಿ ಕಡೆ ಕಿಟಕಿ ಇರೋ ಮನೆ ನೋಡಿ. ಸಿಕ್ಕ ದಿನ ಹೇಳಿ, ಮಾರನೇ ಬಸ್ಸಿಗೆ ಬರ್ತೀನಿ. ಸಿಗದಿದ್ರೆ ನೀವೇ ಅಲ್ಲಿಗೆ ಬನ್ನಿ. ಗುಂಡಿ ಹಾಕೋಕೆ ಅಕ್ಕನಿಗೆ ಯಾರೋ ಬೇಕಂತೆ.”

ಭಾನುವಾರ ಅವಳು ಹೋದಳು. ಸೋಮವಾರದಿಂದ ಮ್ಯಾನೇಜರು ಮಧ್ಯಾಹ್ನದ ಊಟ ಬಿಟ್ಟು ಮನೆ ಹುಡುಕತೊಡಗಿದ. ಮನೆ ಮಾಲೀಕರೂ ಅವನ ಕುಲದವರೇ. ಗಿರಾಕಿಯ ಬಿಳಿ ಕೂದಲು, ಸೋತ ಕಣ್ಣು ನೋಡಿ, ಈತನಿಗೆ ಬೇಕಾದ್ದು ನೆಮ್ಮದಿ ಎಂದು ಆರು ಹೆಜ್ಜೆಯೊಳಗೆ ತೀರ್ಮಾನಿಸಿಬಿಡುವರು.

“ಒಂದು ಚೂರೂ ಸದ್ದಿಲ್ಲ ಸಾರ್. ಸೂಜಿ ಬಿದ್ರೂ ಕೇಳುತ್ತೆ.”

“ಹಾಗಾದ್ರೆ ಬೇಡ.”

ಹೀಗೆ ಎಂಟು ಮನೆಗೆ ಬೇಡವೆಂದ. ಮೊದಲ ಮಹಡಿ ಬೇಕು, ಕಿಟಕಿಕಟ್ಟೆ ಮೊಣಕೈಯೂರುವಷ್ಟು ಅಗಲ ಬೇಕು, ಕೆಳಗೆ ಮೂರು ಹೊತ್ತೂ ಯಾರಾದರೂ ಜಗಳವಾಡುತ್ತಿರಬೇಕು ಎಂದು ಕೇಳುವ ಬಾಡಿಗೆದಾರನನ್ನು ಆ ಊರು ಕಂಡಿರಲಿಲ್ಲ. ‘ಮ್ಯಾನೇಜರಿಗೆ ಹೆಂಡತಿ ಹೋದ ಮೇಲೆ ಒಂದು ಸುತ್ತು ಸಡಿಲವಾಗಿದೆ’ ಎಂಬ ಸುದ್ದಿ ನೆಲ ಒರೆಸುವ ಅಕ್ಕನ ಮೂಲಕ ಅವನಿಗೇ ಬಂದು ತಲುಪಿತು.

ಹದಿನೇಳನೇ ದಿನದ ಮನೆ ಮಾರುಕಟ್ಟೆ ಬೀದಿಯಲ್ಲಿ, ಬೀಗದ ಕೈ ಮಾಡುವವನ ಅಂಗಡಿಯ ಮೇಲಿತ್ತು. ಮಾಲೀಕ ಎಲ್ಲ ತೋರಿಸಿದ, ಬೀದಿಯ ಕಿಟಕಿಗೆ ಮಾತ್ರ ಬೆನ್ನು ಕೊಟ್ಟು ನಿಂತ. ಮ್ಯಾನೇಜರಿಗೆ ಆ ನಿಲುವು ಚೆನ್ನಾಗಿ ಗೊತ್ತಿತ್ತು. ಒಂಬತ್ತನೇ ನಂಬರು ತೋರಿಸುವಾಗ ಪಂಪಿನ ಗೋಡೆಗೆ ತಾನೂ ಹಾಗೇ ನಿಲ್ಲುತ್ತಿದ್ದ.

“ಸ್ವಲ್ಪ ಸರೀರಿ.”

“ಅದು ತೆಗಿಯೋದು ಬೇಡ ಸಾರ್, ಧೂಳು...”

ಮ್ಯಾನೇಜರು ಚಿಲಕ ಎಳೆದ. ಬೀದಿಗೆ ಬೀದಿಯೇ ಮೈಮೇಲೆ ಬಿತ್ತು. ಹಾರನ್ನು, ಸುತ್ತಿಗೆ, ಚೌಕಾಸಿ, ಯಾರೋ ಯಾರನ್ನೋ ಕೂಗಿ ಕರೆಯುವುದು, ಕರೆಸಿಕೊಂಡವರು ಓಗೊಡದೆ ಬೈಸಿಕೊಳ್ಳುವುದು. ಮಾಲೀಕ ಮುಖ ಕಿವುಚಿಕೊಂಡು, ಬಂದ ಗಿರಾಕಿ ಕೈತಪ್ಪಿದ ಎಂದು ಮೆಟ್ಟಿಲ ಕಡೆ ನೋಡಿದ.

ಮ್ಯಾನೇಜರು ಹೆಂಡತಿಗೆ ಫೋನ್ ಹಚ್ಚಿದ. “ಕೇಳು,” ಎಂದಷ್ಟೇ ಹೇಳಿ ಫೋನನ್ನು ಕಿಟಕಿಯಾಚೆ ಚಾಚಿ ಹಿಡಿದ. ಕೆಳಗೆ ಇಬ್ಬರು ಹೆಂಗಸರು ತಲೆಯೆತ್ತಿ ನೋಡಿದರು. ತೋಳು ಸೋಲುವಷ್ಟು ಹೊತ್ತು ಹಾಗೇ ಹಿಡಿದು, ಆಮೇಲೆ ಕಿವಿಗಿಟ್ಟುಕೊಂಡ.

“ಏನಂತೀಯ?”

“ಯಾಕೆ ಒಳಗೆ ತಗೊಂಡ್ರಿ?” ಎಂದಳು ಆಚೆಯಿಂದ. “ಆ ಹೆಂಗಸು ಸೊಸೆ ವಿಷಯ ಏನೋ ಹೇಳ್ತಿದ್ಲು. ಇನ್ನೊಂಚೂರು ಹಿಡೀರಿ.”