ಈಶ್ವರಮ್ಮನ ಗ್ರಾನೈಟ್ ಜಗಲಿ

ಕಾಡುಗೋಡಿಯ ಹಳೇ ಊರಿನಲ್ಲಿ ಈಶ್ವರಮ್ಮನ ಮನೆಗೂ ಅವಳ ವಾರಗಿತ್ತಿ ಸೊಣ್ಣಮ್ಮನ ಮನೆಗೂ ನಡುವೆ ಒಂದೇ ಗೋಡೆ. ಅಣ್ಣತಮ್ಮಂದಿರು ಪಾಲಾದಾಗ ಎಲ್ಲವೂ ಸರಿಸಮನಾಗಿ ಬಂದಿತ್ತು: ಎರಡೆರಡು ಕೋಣೆ, ಮುಂದೊಂದು ಅಂಗಳ, ಅಂಗಳದ ತುಂಬ ಮಾವ ಹಾಕಿಸಿದ ಕಲ್ಲಿನ ಜಗಲಿ. ಹಾಗಿದ್ದೂ ಸೊಣ್ಣಮ್ಮನ ಮನೆ ಮಾರಾಟಕ್ಕಿಟ್ಟ ಎಂಟೇ ದಿನಕ್ಕೆ ಕೇಳಿದ ರೇಟಿಗೇ ಹೋಯಿತು. ಅವತ್ತು ಈಶ್ವರಮ್ಮ ಮುದ್ದೆಯ ತಟ್ಟೆಯನ್ನು ಅತ್ತ ಸರಿಸಿದಳು.

ಅವಳೂ ಮನೆ ಮಾರಬೇಕಿತ್ತು. ಹೊಸಕೋಟೆಯಲ್ಲಿ ಮಗಳು ರಾಣಿಯ ಪಕ್ಕದ ಮನೆ ಮಾರಾಟಕ್ಕಿತ್ತು. ಅದನ್ನು ಕೊಂಡು ಬಸುರಿ ಮಗಳ ಹತ್ತಿರವೇ ಇದ್ದುಬಿಡಬೇಕೆಂದು ಅವಳ ಜೀವ ಹಾತೊರೆಯುತ್ತಿತ್ತು. ದೀಪಾವಳಿವರೆಗೆ ಕಾಯುತ್ತೇವೆ ಎಂದಿದ್ದರು ಆ ಮನೆಯವರು. "ನಿಮ್ ಚಿಕ್ಕಮ್ಮನ ಕಿವಿಗೆ ಮಾತ್ರ ಆಕ್ಬ್ಯಾಡ. ಅವಳ ಕಣ್ಣು ಸರಿಯಿಲ್ಲ" ಎಂದು ಈಶ್ವರಮ್ಮ ಮಗಳ ಬಾಯಿ ಮುಚ್ಚಿಸಿದ್ದಳು. ಯಾರ ಕಣ್ಣು ಸರಿಯಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು, ಅವಳೊಬ್ಬಳನ್ನು ಬಿಟ್ಟು.

ಮಾರುವ ಮುಂಚೆ ಸೊಣ್ಣಮ್ಮ ಅಡಿಗೆಮನೆಗೆ ಡ್ರಾಯರು, ಹಾಲಿಗೆ ಬಣ್ಣದ ಲೈಟು ಹಾಕಿಸಿದ್ದಳು. ಸಾಮಾನು ಇಳಿಯುವಾಗೆಲ್ಲ ಈಶ್ವರಮ್ಮ ಬಟ್ಟೆ ಒಣಹಾಕುವ ನೆಪದಲ್ಲಿ ಮಾಳಿಗೆ ಹತ್ತಿ ಬಗ್ಗಿ ಬಗ್ಗಿ ನೋಡಿದ್ದಳು. ಜಗಲಿ ಒಡೆಸಿದ್ದನ್ನೂ ನೋಡಿದ್ದಳು. "ಮಾವನ ಕಲ್ಲು ಕಿತ್ತಾಕವ್ಳೆ" ಎಂದು ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಅವಳಿಗೆ ಎರಡು ಡ್ರಾಯರಾದರೆ ತನಗೆ ಆರು ಎಂದು ಕೆಲಸ ಶುರು ಮಾಡಿಸಿದಳು. ಕೊನೆಗೆ ಜಗಲಿಗೆ ಕರಿ ಗ್ರಾನೈಟ್ ಬಂತು. ಅದನ್ನು ನೋಡಿ, ಮನೆ ಮಾರಿ ಅದೇ ಬೀದಿಯಲ್ಲಿ ಬಾಡಿಗೆಗಿದ್ದ ಸೊಣ್ಣಮ್ಮ ತಡೆಯಲಾರದೆ ಬಂದು, "ಅಕ್ಕಾ, ಜಗಲಿ ಒಡೆಸ್ಬುಡು. ಬರೋರು ಮೊದ್ಲು ಕೇಳಾದೇ ಕಾರು ಒಳಿಕ್ ಬತ್ತದಾ ಅಂತ" ಎಂದಳು.

ಈಶ್ವರಮ್ಮನಿಗೆ ಖುಷಿಯೋ ಖುಷಿ. ಸೊಣ್ಣಮ್ಮ ಅತ್ತ ಹೋದ ಮೇಲೆ ಗಂಡ ಚಿಕ್ಕಮುನಿಯಪ್ಪನಿಗೆ, "ನೋಡಿದ್ರಾ, ಎಂಗ್ ಒಟ್ಟೆ ಉರ್ಕೊತಾವ್ಳೆ" ಎಂದಳು. ಮೇಸ್ತ್ರಿ ಮುನಿಯಣ್ಣನಿಗೆ ಹೇಳಿ ಜಗಲಿಯನ್ನು ಇನ್ನೊಂದು ಗೇಣು ಎತ್ತರಿಸಿದಳು.

ಮನೆ ನೋಡಲು ಮೊದಲು ಬಂದವರು ಮಹದೇವಪುರದಲ್ಲಿ ಕೆಲಸಕ್ಕಿದ್ದ ದಾವಣಗೆರೆಯ ಗಂಡಹೆಂಡತಿ, ವೀರೇಶ್ ಮತ್ತು ಮೇಘಾ. ಮೇಘಾ ಆರೂ ಡ್ರಾಯರು ಎಳೆದು ನೋಡಿ ಮೆಚ್ಚಿದಳು. ವೀರೇಶ್ ಮಾತ್ರ ಗೇಟಿನ ಹತ್ತಿರವೇ ನಿಂತಿದ್ದ.

"ಕಾರೆಲ್ಲಿ ನಿಲ್ಲಿಸೋದ್ರೀ, ಅಮ್ಮಾ?"

"ಬೀದೀಲಿ ನಿಲ್ಲಿಸ್ಕಳಿ ಸಾರ್. ಎಲ್ಲಾರೂ ಅಂಗೇ ಮಾಡಾದು."

ಅವನು ನಕ್ಕು ಹೋದವನು ಮತ್ತೆ ಬರಲಿಲ್ಲ. ಆಮೇಲೆ ಬಂದ ನಾಲ್ಕು ಜನರೂ ಅದನ್ನೇ ಕೇಳಿದರು. ಒಡೆಸಿಬಿಡೋಣ ಎಂದು ಚಿಕ್ಕಮುನಿಯಪ್ಪ ಗೋಗರೆದ. "ಅವಳು ಏಳಿದಂಗೆ ನಾನು ಕುಣೀಬೇಕಾ?" ಎಂದು ಈಶ್ವರಮ್ಮ ಮುಖ ತಿರುಗಿಸಿದಳು. ಹಾಗೇ ದೀಪಾವಳಿಯೂ ಕಳೆಯಿತು.

ಹಬ್ಬವಾದ ವಾರಕ್ಕೆ ಅವಳೇ ಸೋತು ಮುನಿಯಣ್ಣನನ್ನು ಕರೆಸಿದಳು. ಅವನು ಗ್ರಾನೈಟಿಗೆ ಮೊದಲ ಏಟು ಹಾಕುವಷ್ಟರಲ್ಲಿ ರಾಣಿಯ ಫೋನು ಬಂತು.

"ಅಮ್ಮಾ, ಪಕ್ಕದ ಮನೆ ಓಯ್ತು. ನಮ್ ಚಿಕ್ಕಮ್ಮನೇ ತಗೊಂಡವ್ರೆ. ನಿಂಗೂ ಬೇಕಿತ್ತು ಅಂತ ಅವರಿಗೇನು ಗೊತ್ತು, ನೀನೇ ಏಳ್ಬ್ಯಾಡ ಅಂದಿದ್ಯಲ್ಲ."

ಈಶ್ವರಮ್ಮ ಕೈಯೆತ್ತಿ ಮುನಿಯಣ್ಣನ ಸುತ್ತಿಗೆ ನಿಲ್ಲಿಸಿದಳು. ಫೋನಿನಲ್ಲೇ ಕೇಳಿದಳು: "ಆ ಮನೇಗೂ ಜಗಲಿ ಐತಲ್ಲ, ಒಡೆಸ್ತಾಳಂತಾ?"

"ಇಲ್ಲಮ್ಮ. ಅಕ್ಕ ಬಂದ್ರೆ ಕೂತ್ಕಳಾಕೆ ಬೇಕು, ಇರ್ಲಿ ಅಂದ್ರು."