ಆಯುಧಪೂಜೆಗೆ ರಜೆ ಪಡೆದ ಫ್ರೀಜರ್

ಬೆಳಗಿನ ಐದೂವರೆ. ಹಗರಿಬೊಮ್ಮನಹಳ್ಳಿ ಹೊರಗಿನ ಕಾಲೇಜಿನಲ್ಲಿ ಅಟೆಂಡರ್ ಉಚ್ಚಂಗೆಪ್ಪ ಸೈಕಲ್ ಒರಗಿಸಿ ನೇರ ಲ್ಯಾಬಿಗೆ ನಡೆಯುತ್ತಾರೆ. ಮೊದಲು ನೋಡುವುದು ಫ್ರೀಜರಿನ ಮುಳ್ಳನ್ನು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಅದನ್ನು ಗೋಡೆಯ ಹಾಳೆಯಲ್ಲಿ ಬರೆದ ಮೇಲೇ ಪೊರಕೆ ಹಿಡಿಯುತ್ತಾರೆ.

ಇಪ್ಪತ್ಮೂರು ವರ್ಷದ ಸರ್ವೀಸು. ಓದಿದ್ದು ಏಳನೇ ಕ್ಲಾಸು. ದಿನಕ್ಕೆ ನೂರೈವತ್ತು ಟೆಸ್ಟ್‌ಟ್ಯೂಬ್ ತೊಳೆದು, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಾರೆ. ಇವರ ಬಗ್ಗೆ ಪೇಪರಿನಲ್ಲಿ ಬರೆಯಲೇಬೇಕು ಎಂದು ನನ್ನ ಬೆನ್ನು ಹತ್ತಿದವರು ಇಲ್ಲಿನ ಉಪನ್ಯಾಸಕಿ ಸುಕನ್ಯಾ. "ನಾನೇನ್ ಮಾಡೀನಿ ಅಂತ ಬರೀತೀರಿ?" ಎಂದು ಉಚ್ಚಂಗೆಪ್ಪ ನನ್ನನ್ನೇ ಗದರುತ್ತಾರೆ. ಸಂಕೋಚ ಇರಬೇಕು ಎಂದುಕೊಂಡೆ. ಸಂಕೋಚವಲ್ಲ, ಸಂಕಟ.

ಎರಡು ವರ್ಷದ ಹಿಂದೆ, 2002ರಲ್ಲಿ, ಸುಕನ್ಯಾ ಅವರಿಗೆ ಇಪ್ಪತ್ನಾಲ್ಕು ಪುಟ್ಟ ಟ್ಯೂಬು ಬಂದವು. ನಮ್ಮ ಮೈ ಸಕ್ಕರೆಯನ್ನು ಗ್ಲೈಕೋಜನ್ ಮಾಡಿ ಕೂಡಿಡುತ್ತದಲ್ಲ, ಆ ಕೆಲಸ ಮಾಡುವ ಎಂಜೈಮು ಅವುಗಳಲ್ಲಿತ್ತು. ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ತಯಾರಿಸಿದ್ದು. ಕೆಲವರಲ್ಲಿ ಈ ಕೂಡಿಡುವ ಕೆಲಸ ಯಾಕೆ ಕೆಡುತ್ತದೆ ಎಂದು ಹುಡುಕಲು ಅವರು ಮೂರು ವರ್ಷ ಅರ್ಜಿ ಹಾಕಿ ತರಿಸಿಕೊಂಡಿದ್ದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ಸುಕನ್ಯಾ ಹರಪನಹಳ್ಳಿಯ ತವರಿಗೆ ಹೋದರು. ಉಚ್ಚಂಗೆಪ್ಪ ಯಂತ್ರಗಳನ್ನೆಲ್ಲ ಒರೆಸಿ, ವಿಭೂತಿ ಹಚ್ಚಿ, ಚೆಂಡುಹೂ ಇಟ್ಟರು.

"ಅವತ್ತು ಯಾವ ಮಿಷನ್ನೂ ನಡಸಬಾರ್ದಲ್ರಿ. ಫ್ರೀಜರ್ ಹಗಲೂ ರಾತ್ರಿ ದುಡದಿತ್ತು, ಪಾಪ. ಬಂದ್ ಮಾಡಿದೆ. ಟ್ಯೂಬ್ ಕೆಡಬಾರ್ದಂತ ಐಸ್‌ಕ್ಯಾಂಡಿ ಫ್ಯಾಕ್ಟ್ರಿಯಿಂದ ಐಸ್ ತಂದು ಪೆಟ್ಟಿಗ್ಯಾಗ ತುಂಬಿ ಅದ್ರಾಗ ಇಟ್ಟಿದ್ದೆ. ಸಾಕಾಗ್ತೈತಿ ಅನ್ಕಂಡೆ."

ಹಬ್ಬದ ರಜೆ ಮುಗಿಸಿ ಮೂರನೇ ದಿನ ನೋಡಿದರೆ ಪೆಟ್ಟಿಗೆಯಲ್ಲಿ ಬರೀ ಬೆಚ್ಚನೆ ನೀರು. ಇಪ್ಪತ್ನಾಲ್ಕೂ ಹಾಳು. ಕೇಳಿದ ನನಗೇ ಅಯ್ಯೋ ಅನಿಸಿತು.

"ಬೈದಿದ್ರ ಚಲೋ ಆಗ್ತಿತ್ತು. ಮೇಡಮ್ಮಾರು 'ಊಟ ಮಾಡೀರೇನ್ ಉಚ್ಚಂಗೆಪ್ಪ' ಅಂದ್ರು, ಅಷ್ಟ."

ಎಂಜೈಮ್ ಕಳಿಸಿದ ಸಂಸ್ಥೆಗೆ ಸುಕನ್ಯಾ 'ಕರೆಂಟ್ ಹೋಗಿ ಕೆಟ್ಟಿತು' ಎಂದು ಬರೆದರು. ಉಚ್ಚಂಗೆಪ್ಪನವರ ಕೆಲಸ ಉಳಿಯಿತು. ಕರೆಂಟ್ ನಂಬಲಾಗದ ಕಡೆಗೆ ಮತ್ತೆ ಕಳಿಸುವುದಿಲ್ಲ ಎಂದು ಅಲ್ಲಿಂದ ಉತ್ತರ ಬಂತು. ಅದನ್ನು ಕ್ಲರ್ಕ್ ಬಂಗಾರಪ್ಪ ಓದಿ ಹೇಳಿದ ಮೇಲೇ ಉಚ್ಚಂಗೆಪ್ಪನವರಿಗೆ ಎಲ್ಲ ಗೊತ್ತಾದದ್ದು. ಸುಕನ್ಯಾ ಈಗ ಬರೀ ಪಾಠ ಮಾಡುತ್ತಾರೆ. ಫ್ರೀಜರ್ ಖಾಲಿ. ಆದರೂ ಉಚ್ಚಂಗೆಪ್ಪ ಅದನ್ನು ಒಂದು ದಿನವೂ ನಿಲ್ಲಿಸುವುದಿಲ್ಲ.

ಹೊರಡುವಾಗ, ಎಲ್ಲರನ್ನೂ ಕೇಳುವ ಹಾಗೆ ಇವರನ್ನೂ, ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಐತ್ರಿ. ಅವತ್ತು ಕರೆಂಟ್ ಹೋಗಿರಲಿಲ್ಲ ಅಂತ ಬರೀರಿ. ಬಂದ್ ಮಾಡಿದ್ದು ಈ ಉಚ್ಚಂಗೆಪ್ಪ, ಮೇಡಮ್ಮಾರು ಸುಳ್ಳು ಬರದಿದ್ದು ನನ್ನ ಸಲುವಾಗಿ ಅಂತ ಬರೀರಿ."

ನಿವೃತ್ತಿಗೆ ಇನ್ನೂ ಮೂರು ವರ್ಷ ಇದೆಯಲ್ಲ, ಎನ್ನುತ್ತೇನೆ.

"ಕೆಲಸ ಹೋದ್ರ ಹೋಗ್ಲಿ ಬಿಡ್ರಿ. ಪೇಪರ್ ಕತ್ತರಿಸಿ ಆ ಸಂಸ್ಥೆಗೆ ಪೋಸ್ಟ್ ಮಾಡ್ತೀನಿ, ಮೇಡಮ್ಮಾರಿಗೆ ಮತ್ತ ಟ್ಯೂಬ್ ಕಳಸ್ಲಿ. ಫೋಟೋ ದೊಡ್ಡದಾಗಿ ಹಾಕ್ರಿ, ಯಾರಂತ ಗೊತ್ತಾಗ್ಲಿ. ಮೇಡಮ್ಮಾರಿಗೆ ಮಾತ್ರ ಮೊದ್ಲ ತೋರಸಬ್ಯಾಡ್ರಿ. ತಡೀತಾರ."