ಕಾಳುಮೆಣಸು ಹಾಕುವ ಮುಂಚೆ

ಇವತ್ತು ಕೆಮ್ಮಿಗೆಂದು ಕಷಾಯಕ್ಕಿಟ್ಟೆ. ಶುಂಠಿ, ತುಳಸಿ, ಅಜವಾನ ಕುದಿದು ಘಮ್ಮೆಂದಾಗ ನಿಂಬರ್ಗಾದ ನಮ್ಮ ಮನೆಯ ಹಿತ್ತಲಿಗೇ ಹೋಗಿಬಿಟ್ಟೆ.

ನಾನು ಚಿಕ್ಕವಳಿದ್ದಾಗ ಅಲ್ಲಿ ಆಯಿ, ಅಂದರೆ ನಮ್ಮಜ್ಜಿ, ಮನೆಮಂದಿಗೂ ದನಕರುಗಳಿಗೂ ಒಂದೇ ಪಾತ್ರೆಯಲ್ಲಿ ಕಷಾಯ ಕುದಿಸುತ್ತಿದ್ದಳು. ದನಗಳ ಪಾಲನ್ನು ಮೊದಲು ತೆಗೆದಿಟ್ಟು, ಆಮೇಲೆ ನಮ್ಮ ಪಾಲಿಗೆ ಕಾಳುಮೆಣಸು ಜಜ್ಜಿ ಹಾಕುತ್ತಿದ್ದಳು. ಆ ಖಾರ ನನಗೆ ಆಗುತ್ತಿರಲಿಲ್ಲ. ಒಂದು ದಿನ ಯಾರೂ ನೋಡದಾಗ ನನ್ನ ಲೋಟವನ್ನು ನೆಗಡಿಯಾಗಿದ್ದ ಕರುವಿನ ಬೋಗುಣಿಗೆ ಸುರಿದೆ. ಕುಡಿದದ್ದೇ ತಡ, ಅದು ತಲೆ ಕೊಡವುತ್ತ, ನೊರೆ ಸುರಿಸುತ್ತ ಒದ್ದಾಡತೊಡಗಿತು. ನಾನು ಅಳುತ್ತ ಎಲ್ಲ ಹೇಳಿಬಿಟ್ಟೆ.

ಆಯಿ ಬೈಯಲಿಲ್ಲ. ಕರುವಿನ ಬಾಯಿ ತೊಳೆದು, ದನದ ಡಾಕ್ಟರನ್ನು ಕರೆತರಲು ಅಪ್ಪನನ್ನು ಕಳಿಸಿದಳು. ಅವರು ಬರುವವರೆಗೂ ಅದರ ಕೊರಳು ತಬ್ಬಿ ಕುಳಿತಳು.

"ಖಾರ ಆಗ್ಯಾದ ಅಂತ ಹೇಳಾಕ ಇದಕ್ಕ ಮಾತ ಬರಂಗಿಲ್ಲ," ಅಂದಳು. "ನಿನಗರ ಬರ್ತದಲ್ಲ ಬೇ, ನನಗ್ಯಾಕ ಹೇಳಲಿಲ್ಲ?"

ಸಂಜೆಗೆ ಕರು ಎದ್ದು ಹಾಲು ಕುಡಿಯಿತು. ಮರುದಿನ ಆಯಿ ಕಾಳುಮೆಣಸು ಹಾಕುವ ಮುಂಚೆ ಕರುವಿನ ಪಾಲಿನ ಜೊತೆ ನನ್ನ ಲೋಟವನ್ನೂ ತುಂಬಿಟ್ಟಳು.

ಈಗ ನನ್ನ ಕೈಯಲ್ಲಿ ಕಾಳುಮೆಣಸಿದೆ. ಮಗಳನ್ನು ಕರೆದು ಕೇಳಿದೆ: "ನಿನಗ ಖಾರ ನಡೀತದೇನವ್ವಾ?"